ಒಂದು ಚುಕ್ಕೆಗೆ ಹತ್ತು ಸಾವಿರ

ಮೊದಲ ವರ್ಷವಿಡೀ ಭೂಮಿ.
ಶಿಲೆ, ಜ್ವಾಲಾಮುಖಿ, ಮಾರುತ, ಮಳೆನೆರಳು.
ಎರಡನೇ ವರ್ಷ, ಜೂನಿನಲ್ಲಿ, ಕೊಟ್ರಬಸಪ್ಪ ಸರ್
ಬೋರ್ಡಿನ ಮೇಲಿದ್ದ ಖಂಡಗಳನ್ನೆಲ್ಲ ಒರೆಸಿ
'ಇನ್ನು ಮನುಷ್ಯರು' ಅಂದರು.

ಮನುಷ್ಯರು ಇಷ್ಟು ತಡವಾಗಿ ಬರುತ್ತಾರೆಂದು
ನನಗೆ ಗೊತ್ತಿರಲಿಲ್ಲ.
ನಮ್ಮ ಭಟ್ಟಿ ಓಣಿಯಲ್ಲಿ
ಬೆಳಗಿನ ಜಾವ ಮೂರಕ್ಕೇ ಎದ್ದಿರುತ್ತಾರೆ.

ಜನಸಾಂದ್ರತೆ ಅಂದರೆ
ಜನರನ್ನು ನೆಲದಿಂದ ಭಾಗಿಸುವುದು.
ಮನೆಗೆ ಬಂದು ಭಾಗಿಸಿದೆ.
ಹತ್ತಕ್ಕೆ ಹನ್ನೆರಡು ಅಡಿ, ಏಳು ಮಂದಿ
(ಅಬ್ಬಾ ರಾತ್ರಿ ಭಟ್ಟಿಯಲ್ಲೇ ಮಲಗುವುದನ್ನು
ಲೆಕ್ಕಕ್ಕೆ ಹಿಡಿಯಲಿಲ್ಲ).
ಚದರ ಕಿಲೋಮೀಟರಿಗೆ
ಆರು ಲಕ್ಷದ ಇಪ್ಪತ್ತೇಳು ಸಾವಿರ, ಚಿಲ್ಲರೆ.
ಸರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.
'ಲೆಕ್ಕ ಸರಿ ಐತಿ, ನಫೀಸಾ. ಸೂತ್ರ ಮನೆಗಳಿಗಲ್ಲಮ್ಮ.'
ಹಿಂದಿನ ಬೆಂಚಿನ ಹಾಲೇಶ ಜೋರಾಗಿ ನಕ್ಕ.
ಆಮೇಲೆ ನೋಡಿದರೆ ಅವನೂ
ನೋಟ್‌ಬುಕ್ಕಿನ ಮೂಲೆಯಲ್ಲಿ ಏನೋ ಭಾಗಿಸುತ್ತಿದ್ದ.

ವಲಸೆಯ ಪಾಠಕ್ಕೆ ಎರಡು ಕೈ.
ಒಂದು ತಳ್ಳುತ್ತದೆ, ಒಂದು ಸೆಳೆಯುತ್ತದೆ.
ಮನೆಯಲ್ಲಿ ಯಾರನ್ನಾದರೂ ಕೇಳಿ ಬರೆದು ತನ್ನಿ ಅಂದರು.
ದಾದಿಯನ್ನು ಕೇಳಿದೆ: ನಿನ್ನನ್ನು ತಳ್ಳಿದ್ದು ಏನು?
ಅವಳು ಕಾದ ಮರಳಿನಿಂದ ಮಂಡಕ್ಕಿ ಸೋಸುತ್ತಿದ್ದಳು.
'ತಳ್ಳೋದ್ಯಾಕೆ? ಲಾರಿ ಹತ್ತಿಸಿದ್ರು.
ಭತ್ತದ ಚೀಲದ ಮೇಲೆ ಕೂತು ಬಂದೆ.'
ಸೆಳೆದದ್ದು?
ಒಂದು ಹಿಡಿ ಅಕ್ಕಿ ಚಟಪಟ ಅರಳಿ
ಜರಡಿಗೆ ಬರುವಷ್ಟು ಹೊತ್ತು ಸುಮ್ಮನಿದ್ದಳು.
'ನಲ್ಲಿ' ಅಂದಳು.
'ಇಲ್ಲಿ ಬೀದಿಗೊಂದು ನಲ್ಲಿ ಇದೆ ಅಂದಿದ್ರು.'
ಇತ್ತಾ?
'ಇತ್ತು. ನೀರು ಆಮೇಲೆ ಬಂತು.'

ನಲ್ಲಿಯನ್ನು 'ಮೂಲಸೌಕರ್ಯ' ಎಂದು ಬರೆದೆ.
ಹತ್ತಕ್ಕೆ ಎಂಟು ಕೊಟ್ಟರು.
ಲಾರಿಗೆ ಪಾಠದಲ್ಲಿ ಜಾಗವಿರಲಿಲ್ಲ.

ಅರವತ್ತು ದಾಟಿದವರೆಲ್ಲ ಅವಲಂಬಿತರು
ಎಂಬ ಸಾಲಿನ ಕೆಳಗೆ ಗೆರೆ ಎಳೆದಿದ್ದೇನೆ.
ದಾದಿಗೆ ಅದನ್ನು ಓದಿ ಹೇಳಿಲ್ಲ.
ಹೇಳಿದರೆ ಕೇಳುತ್ತಾಳೆ: ಯಾರ ಮೇಲೆ?

ಕೈಗಾರಿಕೆಯ ಪಾಠದ ದಿನ
ಕಚ್ಚಾವಸ್ತು, ಶಕ್ತಿ, ಕೂಲಿ, ಮಾರುಕಟ್ಟೆ ಎಂದು
ಸರಸರ ಬರೆಯುತ್ತಿದ್ದ ಸೀಮೆಸುಣ್ಣ
'ಹತ್ತಿ' ಎಂಬಲ್ಲಿ ನಿಂತಿತು.
'ಇಲ್ಲಿಗೆ ಸೈರನ್ ಕೇಳ್ತಿತ್ತು' ಅಂದರು, ಕಿಟಕಿಗೆ.
'ಮೂರು ಪಾಳಿ. ನಮ್ಮಪ್ಪಂದು ಎರಡನೇದು.
ಸೈರನ್ ನಿಂತ ಮೇಲೂ ಅದೇ ಹೊತ್ತಿಗೆ
ಬುತ್ತಿ ಹಿಡ್ಕೊಂಡು ಹೊರಡ್ತಿದ್ದ, ಒಂದು ತಿಂಗಳು.'
ಅದನ್ನೂ ಬರ್ಕೋಬೇಕಾ ಸರ್, ಕೇಳಿದಳು ಶಾರವ್ವ.
'ಬೇಡ. ಪರೀಕ್ಷೆಗೆ ಬರಲ್ಲ.'
ಅಷ್ಟರಲ್ಲಿ ನಾನು ಬರೆದಾಗಿತ್ತು.

ಈಗ ನವೆಂಬರು. ರೆಕಾರ್ಡ್ ಪುಸ್ತಕದಲ್ಲಿ ಚುಕ್ಕೆ ನಕ್ಷೆ.
ಒಂದು ಚುಕ್ಕೆಗೆ ಹತ್ತು ಸಾವಿರ ಜನ.
ಮಾಯಕೊಂಡದ ಕಡೆ ಬಿಡಿಬಿಡಿ,
ಹರಿಹರದಲ್ಲಿ ಹೊಳೆಗುಂಟ ಒತ್ತೊತ್ತು,
ದಾವಣಗೆರೆಗೆ ಬಂದರೆ ಪೆನ್ನು ಎತ್ತಲು ಜಾಗವಿಲ್ಲ.
ಇದರಲ್ಲಿ ನಾನು ಯಾವ ಚುಕ್ಕೆಯ ಎಷ್ಟನೇ ಪಾಲೋ.
ಹಾಲೇಶ, ಶಾರವ್ವ, ನಾನು
ಒಂದೇ ಚುಕ್ಕೆಯಲ್ಲಿ ಇದ್ದೇವೋ,
ಅಲ್ಲೂ ಬೇರೆ ಬೇರೆ ಓಣಿಯೋ.

ಮಾಳಿಗೆ ಮೇಲೆ ಕೂತು ಬಿಡಿಸುತ್ತಿದ್ದೆ.
ಕೆಳಗೆ ಭಟ್ಟಿಯಲ್ಲಿ ಹೊಟ್ಟು ಉರಿಯುತ್ತಿತ್ತು.
ಭದ್ರಾ ನಾಲೆಯ ಪಕ್ಕ, ನಾನು ಇಡದ ಜಾಗದಲ್ಲಿ
ಒಂದು ಚುಕ್ಕೆ ಬಂದು ಕೂತಿತು.
ಮಸಿ.
ಊದಿದೆ, ಹೋಗಲಿಲ್ಲ.
ಒರೆಸಲು ಹೋದರೆ ದೊಡ್ಡ ಊರೇ ಆಗಿಬಿಡುತ್ತದೆ.
ಹತ್ತು ಸಾವಿರ ಮಂದಿ,
ಯಾವ ಗಣತಿಗೂ ಹೇಳದೆ, ಗಾಳಿಯಲ್ಲಿ ಬಂದವರು.
ಅವರನ್ನು ತಳ್ಳಿದ್ದೇನು ಅಂತ ಕೇಳಬೇಕೆನ್ನುವಷ್ಟರಲ್ಲಿ
'ಬಟ್ಟೆ ತೆಗಿಯೇ, ಮಸಿ ಬೀಳ್ತಿದೆ!' ಕೆಳಗಿಂದ ದಾದಿಯ ಕೂಗು.

ಬಟ್ಟೆ ತೆಗೆದೆ.
ನಕ್ಷೆಯನ್ನು ಅಲ್ಲೇ ಬಿಟ್ಟೆ,
ಇನ್ನೂ ಯಾರಾದರೂ ಬರುವವರಿದ್ದರೆ.